ಹೊಟ್ಟೆಯ ಲೆಕ್ಕ

ಮೂವತ್ತೊಂದು ವರ್ಷ ಈ ಭಟ್ಟಿಯ ಬಾಯಲ್ಲಿ ಕೂತು
ಕಾದ ಮರಳಿಗೆ ಅಕ್ಕಿ ಸುರಿದವನು ನಾನು.
ಹೊಟ್ಟು ಉರಿಸಿ, ಮಂಡಕ್ಕಿ ಅರಳಿಸಿ,
ಚೀಲದ ಲೆಕ್ಕ ಇಟ್ಟೆನೇ ಹೊರತು
ಹೊಟ್ಟೆಯ ಲೆಕ್ಕ ಇಟ್ಟವನಲ್ಲ.

ಒಂದು ಬೆಳಿಗ್ಗೆ ರಕ್ತ ಕಂಡಿತು.
ಮೂಲವ್ಯಾಧಿ ಅಂದುಕೊಂಡು ತಪ್ಪನ್ನು ಮಿರ್ಚಿಯ ಮೇಲೆ ಹಾಕಿದೆ.
ಎರಡು ತಿಂಗಳು ಬೀಬಿಜಾನಳಿಗೂ ಹೇಳಲಿಲ್ಲ.
ಹಿತ್ತಲ ಮಾತನ್ನು ಪಡಸಾಲೆಗೆ ತರುವುದು ಹೇಗೆ?

ಡಾಕ್ಟರ್ ಮುರಿಗೆಪ್ಪ ಚೀಟಿಯ ಬೆನ್ನಿಗೆ
ಹಾವಿನಂಥ ಒಂದು ಕರುಳು ಬರೆದರು.
"ಇಲ್ಲಿಂದ ಕ್ಯಾಮೆರಾ ಹೋಗುತ್ತೆ ಅಲ್ಲಾಬಕ್ಷಿ, ಇಲ್ಲೀತನಕ.
ನಿಂದು ಒಂದೇ ಕೆಲಸ,
ದಾರಿ ಗುಡಿಸಿ ಇಡೋದು."

ಮೂರು ದಿನ ಸೊಪ್ಪಿಲ್ಲ, ಕಾಳಿಲ್ಲ,
ಟೊಮೆಟೊ ಬೀಜವೂ ಇಲ್ಲ. ಬಿಳಿ ಅನ್ನ, ಮಜ್ಜಿಗೆ.
"ಮಂಡಕ್ಕಿ?" ಎಂದೆ. ನಕ್ಕರು.
"ತಿನ್ನು. ಮೆಣಸಿನಕಾಯಿ ಬೇಡ, ಶೇಂಗಾ ಬೇಡ, ಕೊತ್ತಂಬರಿ ಬೇಡ."
ಅಷ್ಟೆಲ್ಲ ಬಿಟ್ಟ ಮೇಲೆ
ದಾವಣಗೆರೆಯಲ್ಲಿ ಅದನ್ನು ಮಂಡಕ್ಕಿ ಅಂತಾರಾ?

ನಾಲ್ಕನೆಯ ದಿನ ಬರೀ ತಿಳಿ.
ಗಂಜಿಯ ತಿಳಿ, ಎಳನೀರು, ಹಾಲಿಲ್ಲದ ಚಹಾ.
"ರೋಜಾ ಹಿಡಿಯೋರಿಗೆ ಇದೇನು ಮಹಾ?" ಅಂದಳು ಬೀಬಿಜಾನ್.
ರೋಜಾದಲ್ಲಿ ಸಂಜೆಗೆ ಖರ್ಜೂರ ಇರುತ್ತೆ ಕಣೇ,
ಇಲ್ಲಿ ಸಂಜೆಗೆ ಪುಡಿ.

ಎರಡು ಲೀಟರ್ ನೀರಿಗೆ ಕಲಸಿದ್ದು,
ಅರ್ಧ ಈಗ, ಅರ್ಧ ಬೆಳಗಿನ ಜಾವ.
ಉಪ್ಪಿಗೂ ನಿಂಬೆಗೂ ಜಗಳ ಹಚ್ಚಿದ ರುಚಿ.
ಕಾಲು ಗಂಟೆಗೊಂದು ಲೋಟ.
ಮೂರು ಲೋಟದವರೆಗೂ ಏನೂ ಇಲ್ಲ,
"ನಮ್ಮದು ಕಬ್ಬಿಣದ ಹೊಟ್ಟೆ" ಎಂದು ಬೀಗಿದೆ.
ನಾಲ್ಕನೆಯದಕ್ಕೆ
ಭದ್ರಾ ನಾಲೆಗೆ ನೀರು ಬಿಟ್ಟರು.

ಓಡಿದೆ. ಬಂದೆ. ಕೂರುವ ಮೊದಲೇ ಓಡಿದೆ.
ನಮ್ಮ ವಠಾರಕ್ಕೆ ಎರಡೇ ಪಾಯಖಾನೆ.
"ಎಡಗಡೇದು ಇವತ್ತು ನಮ್ಮೋರಿಗೆ" ಎಂದು ಬೀಬಿಜಾನ್ ಸಾರಿಬಿಟ್ಟಳು.
ಎರಡು ತಿಂಗಳ ಗುಟ್ಟು ಒಂದು ಕೂಗಿಗೆ ಹೋಯಿತು.
ಗೌರಕ್ಕ ಮಾತಾಡದೆ ಬಕೆಟ್ ತುಂಬಿಸಿಟ್ಟಳು.
ಎದುರುಮನೆ ಮೇಷ್ಟ್ರು ಕೊಬ್ಬರಿ ಎಣ್ಣೆ ಕಳಿಸಿದರು,
ಉರಿಯುತ್ತೆ, ಹಚ್ಚಿಕೊಳ್ಳಲಿ ಎಂದು.
ಅವರೂ ಈ ದಾರಿ ನಡೆದವರಂತೆ. ಹತ್ತು ವರ್ಷದ ನೆರೆ,
ಅವತ್ತು ಗೊತ್ತಾಯಿತು.

ಫಜರಿನ ಹೊತ್ತಿಗೆ ಬಂದದ್ದು ಬರೀ ನೀರು,
ತೆಳು ಹಳದಿ, ತಳ ಕಾಣುವಷ್ಟು ತಿಳಿ.
ಮೊಬೈಲ್ ದೀಪ ಹಿಡಿದು ನೋಡಿದೆ,
ಅಕ್ಕಿಯಲ್ಲಿ ಕಲ್ಲು ಹುಡುಕುವವನ ಹಾಗೆ.

ಒಬ್ಬನೇ ಬರಬೇಡ, ಮಂಪರು ಇರುತ್ತೆ ಅಂದಿದ್ದರು.
ಹೊಟ್ಟಿನ ಗಾಡಿಯ ತಿಪ್ಪೇಶಿ ಬಂದ.
ಸಿಸ್ಟರ್ ಕರಿಬಸಮ್ಮ ಕೊಟ್ಟ ಅಂಗಿಗೆ ಹಿಂಭಾಗವೇ ಇಲ್ಲ.
ಲಾಡಿಯನ್ನು ತಿಪ್ಪೇಶಿಯೇ ಕಟ್ಟಿದ,
ಮೂಟೆಗೆ ಹಾಕುವ ಗಂಟು.
"ಎಡಕ್ಕೆ ಮಲಗಣ್ಣ, ಮೊಣಕಾಲು ಎದೆಗೆ."
ಭಟ್ಟಿಯ ಬಿಸಿ ಬೂದಿಯಲ್ಲಿ ಮಲಗುವ ನಾಯಿಯಂತೆ ಮುದುಡಿದೆ.

ಟಿವಿಯಲ್ಲಿ ಒಂದು ಗುಲಾಬಿ ಓಣಿ, ಒದ್ದೆ, ನಿರ್ಜನ.
ನಮ್ಮ ವಾರ್ಡಿನಲ್ಲಿ ಅಷ್ಟು ಚೊಕ್ಕ ಓಣಿ ನಾನು ಕಂಡಿಲ್ಲ.
"ಸ್ವಲ್ಪ ಗಾಳಿ ಬಿಡ್ತೀವಿ" ಎಂದದ್ದು ಕೇಳಿತು.
ಹೊಟ್ಟೆ ಉಬ್ಬುತ್ತ ಬಂತು.
ಓ, ಇದಾ?
ಇಷ್ಟು ವರ್ಷ ಅಕ್ಕಿಗೆ ನಾನು ಮಾಡಿದ್ದು ಇದನ್ನೇ.
ಅವು ಚಟಪಟ ಅಂದದ್ದನ್ನು
ನಗು ಎಂದುಕೊಂಡಿದ್ದೆ.

ಆಮೇಲೆ ನೆನಪಿಲ್ಲ.

ಎಚ್ಚರಾದಾಗ ಗಡಿಯಾರ, ತಿಪ್ಪೇಶಿಯ ಗೊರಕೆ.
"ಗಾಳಿ ಹೋಯ್ತಾ?" ಕರಿಬಸಮ್ಮ ಕೇಳಿದಳು.
ಹೆಂಗಸಿನ ಮುಂದೆ ಹೇಗಪ್ಪಾ ಎಂದು ಹಿಡಿದುಕೊಂಡೆ.
"ಬಿಡಣ್ಣ, ಇಲ್ಲಿ ಅದಕ್ಕೇ ಮಾರ್ಕ್ಸು."
ಬಿಟ್ಟೆ. ತಿಪ್ಪೇಶಿ ಬೆಚ್ಚಿ ಎದ್ದ.

"ಒಂದು ಸಣ್ಣ ಗಂಟಿತ್ತು, ತೆಗೆದಿದ್ದೀವಿ," ಡಾಕ್ಟರ್ ಅಂದರು,
"ಅಕ್ಕಿಕಾಳಿನಷ್ಟು. ಲ್ಯಾಬಿಗೆ ಹೋಗಿದೆ. ಎಂಟು ದಿನ."
ಅಕ್ಕಿಕಾಳು ಎಷ್ಟು ದೊಡ್ಡದಾಗುತ್ತೆ ಅಂತ
ನನಗೆ ಯಾರಾದರೂ ಹೇಳಬೇಕಾ?

ಇವತ್ತು ಐದನೆಯ ದಿನ. ಭಟ್ಟಿಗೆ ಬಂದಿದ್ದೇನೆ.
ಹುಡುಗರು ನಕ್ಕು ಮುಗಿಸಿದ ಮೇಲೆ
ಹಿರಿಯ ಚಮನ್‌ಸಾಬ್ ಪಕ್ಕಕ್ಕೆ ಬಂದು ನಿಂತ.
"ನೋವಾಗುತ್ತಾ?"
"ಪುಡಿ ಕುಡಿಯೋದೇ ಕಷ್ಟ. ಉಳಿದದ್ದು ನಿದ್ದೆ."
ಅವನು ಹೊಟ್ಟಿನ ರಾಶಿಯ ಕಡೆ ನೋಡುತ್ತಿದ್ದ.
ಯಾಕೆ ಎಂದು ನಾನು ಕೇಳಲಿಲ್ಲ.
ಖಾಲಿ ಚೀಲದ ಮೂಲೆ ಹರಿದು
ನಂಬರ್ ಬರೆದು ಕೊಟ್ಟೆ.